ಮಾತನಾಡದ ನೀರು, ಮಾತನಾಡುವ ಔಷಧ

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಮ್ಮ ಕೂಟದಲ್ಲಿ ಮಧುಮೇಹದ ಬಗ್ಗೆ, ಆದಾಯ ತೆರಿಗೆಯ ಬಗ್ಗೆ, ವಚನಗಳ ಬಗ್ಗೆ ಒಳ್ಳೆಯ ಉಪನ್ಯಾಸಗಳು ಆಗಿವೆ. ಈ ಸಲ ಅಧ್ಯಕ್ಷೆಯವರು, "ನೀವು ಲ್ಯಾಬಿನಲ್ಲಿ ದಿನವಿಡೀ ಏನು ಮಾಡುತ್ತೀರಿ, ಅದನ್ನೇ ನಮಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿ" ಎಂದರು. ನಾನು ಔಷಧಗಳನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಯಂತ್ರದ ಹೆಸರು ಎನ್‌ಎಂಆರ್. ಆ ಯಂತ್ರಕ್ಕೆ ಬೇಕಾಗುವ ಒಂದು ವಿಚಿತ್ರ ದ್ರವದ ಬಗ್ಗೆ ಇವತ್ತು ಮಾತನಾಡುತ್ತೇನೆ. ನೋಡಲು ನೀರಿನಂತೆ, ವಾಸನೆಯಲ್ಲೂ ವ್ಯತ್ಯಾಸ ಇಲ್ಲ, ಆದರೆ ನಮ್ಮ ಯಂತ್ರದ ಮುಂದೆ ಅದು ಬಾಯಿ ಬಿಡುವುದಿಲ್ಲ. ನಾವು ದುಡ್ಡು ಕೊಟ್ಟು ಕೊಳ್ಳುವುದು ಅದರ ಮೌನವನ್ನು. ಅದು ಯಾಕೆ, ಆ ಮೌನವನ್ನು ಎಷ್ಟು ನಂಬಬಹುದು, ಅದರಿಂದ ನಮ್ಮ ಮನೆಯ ಔಷಧದ ಡಬ್ಬಿಗೆ ಏನು ಸಂಬಂಧ ಎನ್ನುವುದು ಇವತ್ತಿನ ವಿಷಯ.

ನಿಮಗೆಲ್ಲ ಗೊತ್ತಿರುವ ಎಂಆರ್‌ಐ ಸ್ಕ್ಯಾನ್‌ನಿಂದ ಶುರು ಮಾಡೋಣ. ಮಂಡಿ ನೋವೋ ಬೆನ್ನು ನೋವೋ ಬಂದು ನಮ್ಮಲ್ಲಿ ಎಷ್ಟೋ ಜನ ಆ ಸುರಂಗದೊಳಗೆ ಮಲಗಿ ಟಕಟಕ ಸದ್ದು ಕೇಳಿ ಬಂದಿದ್ದೇವೆ. ಅಲ್ಲಿ ನಡೆಯುವುದು ಇಷ್ಟು: ನಮ್ಮ ದೇಹದಲ್ಲಿರುವ ನೀರು ಮತ್ತು ಕೊಬ್ಬಿನಲ್ಲಿ ಜಲಜನಕದ ಪರಮಾಣುಗಳಿವೆ. ಅವುಗಳ ಬೀಜಭಾಗ ಒಂದೊಂದು ಪುಟ್ಟ ಆಯಸ್ಕಾಂತದಂತೆ ವರ್ತಿಸುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಸರಿಯಾದ ರೇಡಿಯೋ ತರಂಗ ಕಳಿಸಿದರೆ ಅವು ಉತ್ತರ ಕೊಡುತ್ತವೆ. ಆ ಉತ್ತರಗಳನ್ನು ಜೋಡಿಸಿದರೆ ಮಂಡಿಯ ಚಿತ್ರ ಸಿಗುತ್ತದೆ.

ಎನ್‌ಎಂಆರ್ ಎಂದರೆ ಇದೇ ತತ್ತ್ವ. ವ್ಯತ್ಯಾಸ ಏನೆಂದರೆ, ಅಲ್ಲಿ ಮನುಷ್ಯ ಒಳಗೆ ಹೋಗುತ್ತಾನೆ, ಇಲ್ಲಿ ಪೆನ್ಸಿಲಿಗಿಂತ ಸಣ್ಣ, 5 ಮಿಲಿಮೀಟರ್ ದಪ್ಪದ ಒಂದು ಗಾಜಿನ ನಳಿಕೆ ಒಳಗೆ ಹೋಗುತ್ತದೆ. ಆಸ್ಪತ್ರೆಯ ಸ್ಕ್ಯಾನರ್ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಬಲದ್ದು. ನಮ್ಮ ಲ್ಯಾಬುಗಳಲ್ಲಿ 9.4 ಟೆಸ್ಲಾ ಮಾಮೂಲು. ಆಸ್ಪತ್ರೆಯಲ್ಲಿ ಜಲಜನಕ ಎಲ್ಲಿದೆ ಎಂದು ಕೇಳುತ್ತಾರೆ. ನಾವು ಕೇಳುವ ಪ್ರಶ್ನೆ ಬೇರೆ: ಈ ಅಣುವಿನಲ್ಲಿ ಜಲಜನಕಗಳು ಯಾರ ಪಕ್ಕ ಕೂತಿವೆ, ಎಷ್ಟು ಇವೆ, ನೆರೆಯವರು ಯಾರು?

ಒಂದೇ ಅಣುವಿನಲ್ಲಿದ್ದರೂ ಆಮ್ಲಜನಕದ ಪಕ್ಕದ ಜಲಜನಕ ಒಂದು ಶ್ರುತಿಯಲ್ಲಿ ಉತ್ತರ ಕೊಟ್ಟರೆ, ಇಂಗಾಲದ ಪಕ್ಕದ್ದು ಕೊಂಚ ಬೇರೆ ಶ್ರುತಿಯಲ್ಲಿ ಕೊಡುತ್ತದೆ. ಈ ವ್ಯತ್ಯಾಸ ಹತ್ತು ಲಕ್ಷದಲ್ಲಿ ಕೆಲವು ಪಾಲು ಮಾತ್ರ. ಅದಕ್ಕೇ ಅದನ್ನು ಪಿಪಿಎಂ ಎಂಬ ಅಳತೆಯಲ್ಲಿ ಬರೆಯುತ್ತೇವೆ. ಕಾಗದದ ಮೇಲೆ ಬರುವುದು ಬೆಟ್ಟಸಾಲಿನಂಥ ಒಂದು ಗೆರೆ. ಪ್ರತಿ ಶಿಖರಕ್ಕೂ ಒಂದು ಜಾಗ, ಒಂದು ಎತ್ತರ, ಒಂದು ಆಕಾರ. ಅದನ್ನು ಓದುವುದೇ ನಮ್ಮ ಕೆಲಸ.

ಈಗ ತೊಂದರೆ ಎಲ್ಲಿ ಬರುತ್ತದೆ ನೋಡಿ. ಎಲ್ಲರ ಮನೆಯಲ್ಲೂ ಇರುವ ಪ್ಯಾರಾಸಿಟಮಾಲ್ ತೆಗೆದುಕೊಳ್ಳೋಣ. ಅದರ ಪುಡಿಯನ್ನು ಹಾಗೇ ನಳಿಕೆಗೆ ಹಾಕಿದರೆ ಚೂಪಾದ ಶಿಖರಗಳು ಬರುವುದಿಲ್ಲ. ಏನಾದರೊಂದು ದ್ರಾವಕದಲ್ಲಿ ಕರಗಿಸಬೇಕು. ಡಿಎಂಎಸ್‌ಓ ಎಂಬ ದ್ರವದಲ್ಲಿ ಅದು ಚೆನ್ನಾಗಿ ಕರಗುತ್ತದೆ. ನಾವು ತೆಗೆದುಕೊಳ್ಳುವುದು ಸುಮಾರು 5 ಮಿಲಿಗ್ರಾಂ ಔಷಧ, 0.6 ಮಿಲಿಲೀಟರ್ ದ್ರಾವಕ. ಆದರೆ ಡಿಎಂಎಸ್‌ಓದಲ್ಲಿ ಕೂಡ ಜಲಜನಕ ಇದೆ, ಒಂದು ಅಣುವಿಗೆ ಆರು! ಲೆಕ್ಕ ಹಾಕಿದರೆ, ಔಷಧದ ಒಂದು ಮೀಥೈಲ್ ಗುಂಪಿನ ಸದ್ದಿಗಿಂತ ದ್ರಾವಕದ ಸದ್ದು ಸುಮಾರು 500 ಪಟ್ಟು ಜೋರು. ಮದುವೆ ಮನೆಯಲ್ಲಿ ಗಟ್ಟಿಮೇಳ ಬಾರಿಸುವಾಗ ಒಳಕೋಣೆಯ ಹಸುಗೂಸಿನ ಉಸಿರು ಕೇಳಲು ಹೊರಟ ಹಾಗೆ.

ಮೊದಮೊದಲು ರಸಾಯನಶಾಸ್ತ್ರಜ್ಞರು ಜಲಜನಕವೇ ಇಲ್ಲದ ದ್ರಾವಕ ಹುಡುಕಿದರು. ಕಾರ್ಬನ್ ಟೆಟ್ರಾಕ್ಲೋರೈಡ್ ಸಿಕ್ಕಿತು, ಕಾರ್ಬನ್ ಡೈಸಲ್ಫೈಡ್ ಸಿಕ್ಕಿತು. ಆದರೆ ಅವುಗಳಲ್ಲಿ ಎಲ್ಲವೂ ಕರಗುವುದಿಲ್ಲ. ಮೊದಲನೆಯದು ಯಕೃತ್ತಿಗೆ ವಿಷ, ಎರಡನೆಯದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಬೇರೆ ದಾರಿ ಬೇಕಾಯಿತು. ಆ ದಾರಿ ತೋರಿಸಿದ್ದು ಜಲಜನಕದ ಅಣ್ಣ, ಡ್ಯುಟೀರಿಯಂ.

ಸಾಮಾನ್ಯ ಜಲಜನಕದ ಬೀಜಭಾಗದಲ್ಲಿ ಇರುವುದು ಒಂದು ಪ್ರೋಟಾನ್ ಮಾತ್ರ. ಡ್ಯುಟೀರಿಯಂನಲ್ಲಿ ಒಂದು ಪ್ರೋಟಾನಿನ ಜೊತೆ ಒಂದು ನ್ಯೂಟ್ರಾನ್ ಸೇರಿದೆ. ಹಾಗಾಗಿ ತೂಕ ಎರಡರಷ್ಟು. 1931ರಲ್ಲಿ ಅಮೆರಿಕದ ಹೆರಾಲ್ಡ್ ಯೂರಿ ಇದನ್ನು ಕಂಡುಹಿಡಿದರು. 1934ರಲ್ಲೇ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಕೆಲಸಕಾರ್ಯದಲ್ಲಿ ಅಣ್ಣತಮ್ಮಂದಿರು ಹೆಚ್ಚುಕಮ್ಮಿ ಒಂದೇ. ಡ್ಯುಟೀರಿಯಂ ಇರುವ ನೀರಿನಲ್ಲೂ ಉಪ್ಪು ಕರಗುತ್ತದೆ, ಸಕ್ಕರೆ ಕರಗುತ್ತದೆ. ಆದರೆ ನಮ್ಮ ಯಂತ್ರದ ಮುಂದೆ ಇವರ ಸ್ಟೇಷನ್ ಬೇರೆ ಬೇರೆ. 9.4 ಟೆಸ್ಲಾದಲ್ಲಿ ಸಾಮಾನ್ಯ ಜಲಜನಕ 400 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಟ್ಟರೆ, ಡ್ಯುಟೀರಿಯಂ ಉತ್ತರ ಕೊಡುವುದು ಸುಮಾರು 61 ಮೆಗಾಹರ್ಟ್ಸ್‌ನಲ್ಲಿ. ವಿವಿಧ ಭಾರತಿ ಹಾಕಿಕೊಂಡು ಕೂತವರಿಗೆ ಇನ್ನೊಂದು ಸ್ಟೇಷನ್ನಿನ ವಾರ್ತೆ ಕೇಳಿಸುವುದಿಲ್ಲವಲ್ಲ, ಹಾಗೆ. ದ್ರಾವಕದ ಜಲಜನಕಗಳನ್ನು ತೆಗೆದು ಆ ಜಾಗದಲ್ಲಿ ಡ್ಯುಟೀರಿಯಂ ಕೂರಿಸಿದರೆ ದ್ರಾವಕ ನಮ್ಮ ಕಿವಿಗೆ ಮೌನ. ಔಷಧದ ಸದ್ದು ಮಾತ್ರ ಕೇಳುತ್ತದೆ. ಇಂಥ ದ್ರಾವಕಗಳಿಗೆ ಡ್ಯುಟೀರೇಟೆಡ್ ದ್ರಾವಕಗಳು ಎಂದು ಹೆಸರು.

ಈ ಡ್ಯುಟೀರಿಯಂ ಎಲ್ಲಿಂದ ಬರುತ್ತದೆ? ನಾವು ಕುಡಿಯುವ ನೀರಿನಿಂದಲೇ. ಪ್ರಕೃತಿಯಲ್ಲಿ ಸುಮಾರು 6,400 ಜಲಜನಕ ಪರಮಾಣುಗಳಿಗೆ ಒಂದು ಡ್ಯುಟೀರಿಯಂ ಇದೆ. ನಮ್ಮ ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನಿನಲ್ಲಿರುವ ಡ್ಯುಟೀರಿಯಂ ಎಲ್ಲವನ್ನೂ ಒಟ್ಟುಗೂಡಿಸಿ ಭಾರಜಲ ಮಾಡಿದರೆ ಸಿಗುವುದು 3 ಮಿಲಿಲೀಟರಿನಷ್ಟು, ಒಂದು ಟೀ ಚಮಚವೂ ತುಂಬುವುದಿಲ್ಲ. ಇಷ್ಟನ್ನು ಸೋಸಿ ತೆಗೆಯುವುದಕ್ಕೆ ದೊಡ್ಡ ದೊಡ್ಡ ಸ್ಥಾವರಗಳು, ತುಂಬಾ ಶಕ್ತಿ ಬೇಕು. ಬೆಲೆ ಯಾಕೆ ಹೆಚ್ಚು ಎಂದು ಈಗ ಅರ್ಥವಾಗಿರಬೇಕು.

ಮುಂಬಯಿಯವರಾದ ನಮಗೆ ಹೆಮ್ಮೆಯ ಸಂಗತಿ ಇಲ್ಲಿದೆ. ಭಾರತದ ಭಾರಜಲ ಮಂಡಳಿಯ ಮುಖ್ಯ ಕಚೇರಿ ಇರುವುದು ನಮ್ಮ ಅಣುಶಕ್ತಿನಗರದಲ್ಲಿ. ದೇಶದ ಮೊದಲ ಭಾರಜಲ ಸ್ಥಾವರ 1962ರಲ್ಲಿ ಪಂಜಾಬಿನ ನಂಗಲ್‌ನಲ್ಲಿ ಶುರುವಾಯಿತು. ಅಲಿಬಾಗ್ ಕಡೆ ಹೋಗುವಾಗ ಸಿಗುವ ಥಳ್‌ನಲ್ಲಿ, ರಸಗೊಬ್ಬರ ಕಾರ್ಖಾನೆಯ ಮಗ್ಗುಲಿಗೇ ಒಂದು ಸ್ಥಾವರ ಇದೆ. ತೆಲಂಗಾಣದ ಮಣುಗೂರಿನಲ್ಲಿ ಇನ್ನೊಂದು. ಭಾರಜಲ ಮುಖ್ಯವಾಗಿ ಬೇಕಾಗುವುದು ಅಣುವಿದ್ಯುತ್ ಸ್ಥಾವರಗಳಿಗೆ. ಉತ್ತರ ಕನ್ನಡದ ಕೈಗಾದ ರಿಯಾಕ್ಟರುಗಳು ಭಾರಜಲ ಬಳಸುವಂಥವೇ. ಒಂದು ಕಾಲದಲ್ಲಿ ನಮ್ಮ ಲ್ಯಾಬುಗಳು ಎನ್‌ಎಂಆರ್ ದ್ರಾವಕಕ್ಕೆ ವಿದೇಶದ ಬಾಟಲಿಗಳನ್ನೇ ನೆಚ್ಚಿಕೊಂಡಿದ್ದವು. ಈಗ ನಮ್ಮದೇ ಭಾರಜಲದಿಂದ ತಯಾರಾದ ದ್ರಾವಕಗಳೂ ಸಿಗುತ್ತವೆ.

ಭಾರಜಲ ಎಂದ ಕೂಡಲೇ ಕೆಲವರಿಗೆ ಭಯ. ಅಣುಸ್ಥಾವರದ ಹೆಸರು ಅಂಟಿಕೊಂಡಿದೆ ನೋಡಿ. ಹೊಸ ಭಾರಜಲ ವಿಕಿರಣ ಸೂಸುವ ವಸ್ತುವಲ್ಲ. ಡ್ಯುಟೀರಿಯಂ ಸ್ಥಿರವಾದ ಪರಮಾಣು. ರಿಯಾಕ್ಟರಿನೊಳಗೆ ಬಳಸಿ ಹೊರಬಂದ ಭಾರಜಲದ ಮಾತು ಬೇರೆ, ಅದು ಲ್ಯಾಬಿಗೆ ಬರುವುದಿಲ್ಲ. ನಮ್ಮ ಬಾಟಲಿಯಲ್ಲಿರುವ ಭಾರಜಲ ಸಾಮಾನ್ಯ ನೀರಿಗಿಂತ ಶೇಕಡಾ 11ರಷ್ಟು ಹೆಚ್ಚು ತೂಕದ್ದು, ಶೂನ್ಯದ ಬದಲು 3.8 ಡಿಗ್ರಿಯಲ್ಲಿ ಮಂಜುಗಟ್ಟುತ್ತದೆ. ಅದರ ಮಂಜುಗಡ್ಡೆಯನ್ನು ಸಾಮಾನ್ಯ ನೀರಿಗೆ ಹಾಕಿದರೆ ತೇಲುವುದಿಲ್ಲ, ಮುಳುಗುತ್ತದೆ! ಮಕ್ಕಳಿಗೆ ತೋರಿಸಲು ಇದಕ್ಕಿಂತ ಚೆಂದದ ಪ್ರಯೋಗ ಇಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ, "ಸರಿ, ದುಡ್ಡು ಕೊಟ್ಟೆವು, ಮೌನ ಬಂತು, ಮುಗಿಯಿತು" ಎನಿಸಬಹುದು. ಮುಗಿಯಲಿಲ್ಲ. ನನ್ನ ಮಾತಿನ ಮುಖ್ಯ ಭಾಗ ಈಗ ಬರುತ್ತದೆ. ಈ ಮೌನ ಎಂದೂ ಪೂರ್ತಿ ಇರುವುದಿಲ್ಲ.

ಬಾಟಲಿಯ ಮೇಲೆ 99.9% ಎಂದು ಬರೆದಿರುತ್ತದೆ. ಉಳಿದ 0.1% ಏನು? ಡ್ಯುಟೀರಿಯಂ ಕೂರದೆ ಹಾಗೇ ಉಳಿದ ಸಾಮಾನ್ಯ ಜಲಜನಕ. ಸಾವಿರಕ್ಕೆ ಒಂದು ತಾನೇ ಎನ್ನಬೇಡಿ. ದ್ರಾವಕದ ಸದ್ದು ಮೊದಲು ಔಷಧದ ಸದ್ದಿನ 500 ಪಟ್ಟು ಇತ್ತು ಎಂದೆ. ಅದರ ಸಾವಿರದ ಒಂದು ಪಾಲು ಎಂದರೆ ಔಷಧದ ಅರ್ಧದಷ್ಟು. ಗೆರೆಯ ಮೇಲೆ ಅದು ಕಣ್ಣಿಗೆ ಕಾಣುವ ಶಿಖರವೇ. ಹೊಸದಾಗಿ ಬಂದ ಹುಡುಗ ಹುಡುಗಿಯರು ಅದನ್ನು ನೋಡಿ, "ಮೇಡಂ, ಔಷಧದಲ್ಲಿ ಏನೋ ಬೆರಕೆ ಇದೆ" ಎಂದು ಓಡಿ ಬರುತ್ತಾರೆ. ಅದು ಬೆರಕೆ ಅಲ್ಲ, ದ್ರಾವಕ ತನ್ನ ಹೆಸರು ಹೇಳುತ್ತಿದೆ ಅಷ್ಟೇ.

ಹಾಗಾಗಿ ನಮ್ಮ ವೃತ್ತಿಯಲ್ಲಿ ಕೆಲವು ಸಂಖ್ಯೆಗಳು ಮಗ್ಗಿಯಂತೆ ಬಾಯಿಗೆ ಬರಬೇಕು. ಡ್ಯುಟೀರೇಟೆಡ್ ಕ್ಲೋರೋಫಾರ್ಮಿನ ಉಳಿಕೆ 7.26ರಲ್ಲಿ. ಡಿಎಂಎಸ್‌ಓದ್ದು 2.50ರಲ್ಲಿ, ಐದು ಹಲ್ಲಿನ ಬಾಚಣಿಗೆಯಂತೆ. ಅಸಿಟೋನಿನದು 2.05, ಮೆಥನಾಲಿನದು 3.31, ಭಾರಜಲದ್ದು 4.79ರ ಆಸುಪಾಸು. ಇವು ನಮ್ಮ ಪಾಲಿಗೆ ಶತ್ರುಗಳಲ್ಲ. ಸಂಗೀತ ಕಛೇರಿಯಲ್ಲಿ ತಂಬೂರಿ ಇರುತ್ತದಲ್ಲ, ಅದರ ಶ್ರುತಿ ಗೊತ್ತಿದ್ದರೆ ಹಾಡುವವರ ಸ್ವರ ಎಲ್ಲಿದೆ ಎಂದು ಹೇಳಬಹುದು. ಹಾಗೇ ಈ ಉಳಿಕೆಯ ಶಿಖರವನ್ನೇ ಗುರುತಾಗಿ ಇಟ್ಟುಕೊಂಡು ಉಳಿದ ಎಲ್ಲ ಶಿಖರಗಳ ಜಾಗವನ್ನು ಅಳೆಯುತ್ತೇವೆ.

ಡ್ಯುಟೀರಿಯಂ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ನಮ್ಮ ಆಯಸ್ಕಾಂತದ ಬಲ ಕ್ಷಣಕ್ಷಣಕ್ಕೂ ಕೂದಲೆಳೆಯಷ್ಟು ಸರಿಯುತ್ತಿರುತ್ತದೆ. ಪಕ್ಕದಲ್ಲಿ ಲಿಫ್ಟ್ ಏರಿಳಿದರೂ ಅದಕ್ಕೆ ಗೊತ್ತಾಗುತ್ತದೆ. ಯಂತ್ರ ಇನ್ನೊಂದು ಕಿವಿಯಿಂದ ಡ್ಯುಟೀರಿಯಂನ 61 ಮೆಗಾಹರ್ಟ್ಸ್ ಸ್ಟೇಷನ್ನನ್ನು ಸದಾ ಕೇಳುತ್ತಿದ್ದು, ಅದು ಜರುಗಿದ ಕೂಡಲೇ ಕಾಂತಕ್ಷೇತ್ರವನ್ನು ಮತ್ತೆ ಸರಿಮಾಡುತ್ತದೆ. ಇದಕ್ಕೆ ಲಾಕ್ ಎನ್ನುತ್ತೇವೆ. ರಾತ್ರಿಯಿಡೀ ನಡೆಯುವ ಪ್ರಯೋಗಗಳು ಹಾಳಾಗದೆ ಮುಗಿಯುವುದು ಈ ಲಾಕ್‌ನಿಂದ.

ಇನ್ನು ದ್ರಾವಕ ಯಾವುದನ್ನು ಆರಿಸಬೇಕು? ಸೀರೆಗೆ ತಕ್ಕ ಬ್ಲೌಸ್ ಆರಿಸಿದಷ್ಟು ಸುಲಭವಲ್ಲ. ಮೊದಲ ಪ್ರಶ್ನೆ, ಅದರಲ್ಲಿ ವಸ್ತು ಕರಗುತ್ತದೆಯೇ? ಎರಡನೆಯದು, ದ್ರಾವಕದ ಉಳಿಕೆ ಶಿಖರ ನಮಗೆ ಬೇಕಾದ ಶಿಖರದ ಮೇಲೆ ಬಂದು ಕೂರುತ್ತದೆಯೇ? ಮೂರನೆಯದು ಬೆಲೆ. ಕ್ಲೋರೋಫಾರ್ಮಿನ ಅಣುವಿನಲ್ಲಿ ಇರುವುದು ಒಂದೇ ಜಲಜನಕ, ಹಾಗಾಗಿ ಬದಲಾಯಿಸಬೇಕಾದ್ದೂ ಒಂದೇ, ಅದು ಅಗ್ಗ. ಹೆಚ್ಚು ಡ್ಯುಟೀರಿಯಂ ಕೂರಿಸಬೇಕಾದ ಕೆಲವು ದ್ರಾವಕಗಳ ಒಂದೊಂದು ಹನಿಯನ್ನೂ ಕೇಸರಿ ದಳದಂತೆ ಎಣಿಸಿ ಬಳಸುತ್ತೇವೆ. ನಾಲ್ಕನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ಈ ದ್ರಾವಕ ನಮ್ಮ ವಸ್ತುವಿನಿಂದ ಏನನ್ನಾದರೂ ಕಸಿದುಕೊಳ್ಳುತ್ತದೆಯೇ?

ಹೌದು, ಕಸಿದುಕೊಳ್ಳುವ ದ್ರಾವಕಗಳಿವೆ. ಪ್ಯಾರಾಸಿಟಮಾಲ್ ಅಣುವಿನಲ್ಲಿ ಒಟ್ಟು 9 ಜಲಜನಕಗಳು. ಡ್ಯುಟೀರೇಟೆಡ್ ಡಿಎಂಎಸ್‌ಓದಲ್ಲಿ ಕರಗಿಸಿ ನೋಡಿದರೆ ಒಂಬತ್ತೂ ಲೆಕ್ಕಕ್ಕೆ ಸಿಗುತ್ತವೆ. 2ರ ಹತ್ತಿರ ಮೂರು, 6.7 ಮತ್ತು 7.3ರ ಹತ್ತಿರ ಎರಡೆರಡು, 9ರಿಂದ 10ರ ನಡುವೆ ಒಂದೊಂದು. ಈಗ ಅದೇ ನಳಿಕೆಗೆ ಒಂದು ಹನಿ ಭಾರಜಲ ಹಾಕಿ ಅಲ್ಲಾಡಿಸಿ ಮತ್ತೆ ನೋಡಿ. ಕೊನೆಯ ಎರಡು ಶಿಖರಗಳು ಮಾಯ! ಏಳೇ ಉಳಿದವು. ಆಮ್ಲಜನಕ ಮತ್ತು ಸಾರಜನಕದ ಮೇಲೆ ಸಡಿಲವಾಗಿ ಕೂತಿದ್ದ ಎರಡು ಜಲಜನಕಗಳು ಭಾರಜಲದ ಡ್ಯುಟೀರಿಯಂ ಜೊತೆ ಜಾಗ ಬದಲಿಸಿಕೊಂಡವು. ಔಷಧ ಕೆಟ್ಟಿಲ್ಲ, ಕಮ್ಮಿಯಾಗಿಲ್ಲ. ನಾವು ಕೇಳುವ ಸ್ಟೇಷನ್ನಿನಿಂದ ಅವು ಆಚೆ ಹೋದವು.

ಗೊತ್ತಿಲ್ಲದವರಿಗೆ ಇದು ಗೊಂದಲ, ಗೊತ್ತಿದ್ದವರಿಗೆ ಉಪಾಯ. ಯಾವ ಶಿಖರ ಮಾಯವಾಯಿತು ಎನ್ನುವುದರಿಂದಲೇ ಅದು ಎಂಥ ಜಲಜನಕ ಎಂದು ಹೇಳಬಹುದು. ಆದರೆ ವರದಿಯಲ್ಲಿ ಯಾವ ದ್ರಾವಕ ಬಳಸಿದೆವು ಎಂದು ಬರೆಯದಿದ್ದರೆ ಆ ವರದಿಗೆ ಅರ್ಥವೇ ಇಲ್ಲ. ಒಂಬತ್ತು ಎಂದವರೂ ಸರಿ, ಏಳು ಎಂದವರೂ ಸರಿ. ಯಾವ ದ್ರವದಲ್ಲಿ ನೋಡಿದ್ದು ಎನ್ನುವುದು ಉತ್ತರದ ಅರ್ಧ.

ದಿನನಿತ್ಯದ ಕೆಲಸದಲ್ಲಿ ಎಚ್ಚರ ವಹಿಸುವ ಸಂಗತಿಗಳನ್ನೂ ಸ್ವಲ್ಪ ಹೇಳುತ್ತೇನೆ. ಅಡುಗೆಮನೆ ನಡೆಸುವವರಿಗೆ ಇವು ಬೇಗ ಅರ್ಥವಾಗುತ್ತವೆ.

ಮುಂಬಯಿಯ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಏನಾಗುತ್ತದೆ ಎಂದು ನಿಮಗೆ ಗೊತ್ತು. ಡಿಎಂಎಸ್‌ಓ ಕೂಡ ಗಾಳಿಯ ತೇವವನ್ನು ಹಾಗೇ ಹೀರುತ್ತದೆ. ಮುಚ್ಚಳ ತೆರೆದಿಟ್ಟರೆ 3.33ರ ಹತ್ತಿರ ನೀರಿನ ಶಿಖರ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಅದಕ್ಕೇ ಒಂದು ಸಲಕ್ಕೆ ಆಗುವಷ್ಟು ದ್ರಾವಕ ತುಂಬಿ ಬಾಯಿ ಬೆಸೆದ ಪುಟ್ಟ ಗಾಜಿನ ಆಂಪ್ಯೂಲುಗಳು ಬರುತ್ತವೆ. ಜೊತೆಗೆ, ಈ ದ್ರವ 18–20 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ, ಚಳಿಗಾಲದಲ್ಲಿ ಊರಿನ ಕೊಬ್ಬರಿ ಎಣ್ಣೆಯ ಹಾಗೆ. ಏಸಿ ಜೋರಾಗಿರುವ ಲ್ಯಾಬಿನಲ್ಲಿ ಬೆಳಿಗ್ಗೆ ಬಂದು ನೋಡಿದರೆ ಬಾಟಲಿ ಕಲ್ಲಾಗಿರುತ್ತದೆ. ಗಾಬರಿಯಿಲ್ಲ, ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಕರಗುತ್ತದೆ. ಆದರೆ ಗ್ಲೌಸ್ ಹಾಕಿಯೇ ಹಿಡಿಯಬೇಕು. ಡಿಎಂಎಸ್‌ಓ ಚರ್ಮದೊಳಗೆ ಸಲೀಸಾಗಿ ಇಳಿಯುತ್ತದೆ, ತನ್ನಲ್ಲಿ ಕರಗಿದ್ದನ್ನೂ ಜೊತೆಗೆ ಒಯ್ಯಬಲ್ಲದು.

ಕ್ಲೋರೋಫಾರ್ಮಿನ ಸ್ವಭಾವ ಬೇರೆ. ಬೆಳಕು, ಗಾಳಿ ತಾಗಿ ಹಳತಾದರೆ ಅದರಲ್ಲಿ ಆಮ್ಲ ಹುಟ್ಟುತ್ತದೆ, ಫಾಸ್‌ಜೀನ್ ಎಂಬ ವಿಷವೂ ಆಗಬಹುದು. ಆ ಆಮ್ಲ ನಾಜೂಕಿನ ವಸ್ತುಗಳನ್ನು ನಳಿಕೆಯಲ್ಲೇ ಒಡೆದುಹಾಕುತ್ತದೆ. ಆಮೇಲೆ ನಾವು ನೋಡುವುದು ವಸ್ತುವನ್ನಲ್ಲ, ಅದರ ಚೂರುಗಳನ್ನು. ಇದನ್ನು ತಡೆಯಲು ಕೆಲವು ಬಾಟಲಿಗಳಲ್ಲಿ ಬೆಳ್ಳಿಯ ತೆಳು ಹಾಳೆಯನ್ನೇ ಹಾಕಿರುತ್ತಾರೆ. ಬಾಟಲಿಯನ್ನು ಕತ್ತಲಲ್ಲಿ, ತಂಪಿನಲ್ಲಿ ಇಡುತ್ತೇವೆ. ಕೆಲಸವೆಲ್ಲ ಹೊಗೆಗೂಡಿನ ಒಳಗೆ. ಕೆಲಸ ಮುಗಿದ ಮೇಲೆ ಸಿಂಕಿಗೆ ಚೆಲ್ಲುವಂತಿಲ್ಲ, ಕ್ಲೋರಿನ್ ಇರುವ ತ್ಯಾಜ್ಯಕ್ಕೆ ಬೇರೆ ಕ್ಯಾನ್ ಇದೆ.

ನಳಿಕೆ ತೊಳೆಯುವುದೂ ಒಂದು ವಿದ್ಯೆ. ಅಸಿಟೋನಿನಲ್ಲಿ ತೊಳೆದು ಸರಿಯಾಗಿ ಒಣಗಿಸದಿದ್ದರೆ ಕ್ಲೋರೋಫಾರ್ಮಿನಲ್ಲಿ 2.17ರ ಹತ್ತಿರ ಒಂದು ಹೊಸ ಶಿಖರ ಬರುತ್ತದೆ. ಗಾಜಿನ ಬಿರಡೆಗೆ ಹಚ್ಚಿದ ಗ್ರೀಸು ಇನ್ನೊಂದು ಶಿಖರ ಕೊಡುತ್ತದೆ, ಪ್ಲಾಸ್ಟಿಕ್ಕಿನಿಂದ ಇಳಿದದ್ದು ಮತ್ತೊಂದು. 1997ರಲ್ಲಿ ಇಸ್ರೇಲಿನ ಬಾರ್ ಇಲಾನ್ ವಿಶ್ವವಿದ್ಯಾಲಯದ ಗಾಟ್‌ಲೀಬ್, ಕೋಟ್ಲ್ಯಾರ್, ನೂಡೆಲ್ಮನ್ ಎಂಬ ಮೂವರು ಇಂಥ ಸಾಮಾನ್ಯ ಕಲ್ಮಶಗಳು ಯಾವ ದ್ರಾವಕದಲ್ಲಿ ಎಲ್ಲಿ ಕಾಣುತ್ತವೆ ಎಂದು ಒಂದು ಪಟ್ಟಿ ಮಾಡಿ ಪ್ರಕಟಿಸಿದರು. ಹೊಸ ಸಿದ್ಧಾಂತ ಏನೂ ಅದರಲ್ಲಿಲ್ಲ. ಆದರೂ ಲೋಕದ ಎಷ್ಟೋ ಲ್ಯಾಬುಗಳ ಗೋಡೆಯ ಮೇಲೆ ಆ ಪಟ್ಟಿ ಇವತ್ತಿಗೂ ಅಂಟಿಸಿರುತ್ತದೆ. ಮನೆಯ ಹಿರಿಯರು ಬರೆದಿಟ್ಟ ಉಪ್ಪಿನಕಾಯಿಯ ಅಳತೆಯ ಚೀಟಿಯಷ್ಟೇ ಬೆಲೆ ಅದಕ್ಕೆ.

ಆಯಸ್ಕಾಂತದ ಕೋಣೆಗೆ ಹೋಗುವಾಗ ನಮ್ಮ ಹುಡುಗಿಯರಿಗೆ ನಾನು ಹೇಳುವ ಮೊದಲ ಮಾತು: ಸೀರೆಯ, ದುಪಟ್ಟಾದ ಸೇಫ್ಟಿ ಪಿನ್ ತೆಗೆಯಿರಿ, ಹೇರ್‌ಪಿನ್ ತೆಗೆಯಿರಿ. ಚಿನ್ನ ಎಳೆಯಲ್ಪಡುವುದಿಲ್ಲ, ಕಬ್ಬಿಣ ಎಳೆಯಲ್ಪಡುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಇರುವವರು ಬಾಗಿಲ ಹತ್ತಿರದ ಗೆರೆ ದಾಟಬಾರದು. ಆಯಸ್ಕಾಂತವನ್ನು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿಸಿ ಇಟ್ಟಿರುತ್ತಾರೆ. ವಿದ್ಯುತ್ ಹೋದರೂ ಅದರ ಕಾಂತಬಲ ಹೋಗುವುದಿಲ್ಲ.

ಇಷ್ಟೆಲ್ಲ ಶಿಸ್ತು ಯಾಕೆ? ಗೆರೆಯ ಮೇಲಿನ ಒಂದು ಸಣ್ಣ ಗುಬ್ಬಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ? ಇದಕ್ಕೆ ಉತ್ತರವಾಗಿ 2008ರಲ್ಲಿ ನಡೆದ ಒಂದು ನಿಜ ಸಂಗತಿ ಹೇಳುತ್ತೇನೆ.

ಹೆಪಾರಿನ್ ಎಂಬ ಔಷಧದ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ಮನೆಯಲ್ಲಿ ಯಾರಿಗಾದರೂ ಡಯಾಲಿಸಿಸ್ ನಡೆದಿದ್ದರೆ, ಹೃದಯದ ಶಸ್ತ್ರಚಿಕಿತ್ಸೆ ಆಗಿದ್ದರೆ ಇದನ್ನು ಕೊಟ್ಟಿರುತ್ತಾರೆ. ಹಂದಿಯ ಕರುಳಿನ ಒಳಪದರದಿಂದ ಇದನ್ನು ತಯಾರಿಸುತ್ತಾರೆ. 2008ರ ಆರಂಭದಲ್ಲಿ ಅಮೆರಿಕದಲ್ಲಿ ಡಯಾಲಿಸಿಸ್‌ಗೆ ಬಂದ ಮಕ್ಕಳಿಗೆ ಹೆಪಾರಿನ್ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಮುಖ ಊದುವುದು, ರಕ್ತದೊತ್ತಡ ಕುಸಿಯುವುದು ಶುರುವಾಯಿತು. ಹತ್ತಾರು ಸಾವುಗಳೂ ಈ ಔಷಧದೊಂದಿಗೆ ತಳಕು ಹಾಕಿಕೊಂಡವು. ವಿಚಿತ್ರ ಎಂದರೆ, ಆಗ ಜಾರಿಯಲ್ಲಿದ್ದ ಪರೀಕ್ಷೆಗಳಲ್ಲೆಲ್ಲ ಆ ಹೆಪಾರಿನ್ ಪಾಸಾಗಿತ್ತು. ಹೆಪ್ಪುಗಟ್ಟುವುದನ್ನು ತಡೆಯುತ್ತದೆಯೇ ಎಂದು ಕೇಳಿದರೆ, ತಡೆಯುತ್ತದೆ ಎಂದೇ ಉತ್ತರ.

ವಿಜ್ಞಾನಿಗಳು ಅದನ್ನು ಭಾರಜಲದಲ್ಲಿ ಕರಗಿಸಿ ಎನ್‌ಎಂಆರ್‌ನಲ್ಲಿ ಇಟ್ಟರು. ಒಳ್ಳೆಯ ಹೆಪಾರಿನ್‌ನಲ್ಲಿ ಅಸಿಟೈಲ್ ಗುಂಪಿನ ಶಿಖರ 2.04ರಲ್ಲಿ ಬರುತ್ತದೆ. ಈ ಮಾದರಿಗಳಲ್ಲಿ ಅದರ ಪಕ್ಕ, 2.15ರಲ್ಲಿ, ಇರಬಾರದ ಇನ್ನೊಂದು ಶಿಖರ ನಿಂತಿತ್ತು. ಅದನ್ನು ಬೆನ್ನುಹತ್ತಿ ಹೋದಾಗ ಸಿಕ್ಕಿದ್ದು ಅತಿಯಾಗಿ ಸಲ್ಫೇಟ್ ಸೇರಿಸಿದ ಕಾಂಡ್ರಾಯಿಟಿನ್ ಎಂಬ ಅಗ್ಗದ ವಸ್ತು. ಹೆಪಾರಿನ್‌ನಂತೆಯೇ ನಟಿಸುವ ವಸ್ತು ಅದು. ಈ ಪತ್ತೆಯ ಕೆಲಸದಲ್ಲಿ ಮುಖ್ಯ ಪಾತ್ರ ವಹಿಸಿದವರಲ್ಲಿ ಎಂಐಟಿಯ ರಾಮ್ ಶಶಿಶೇಖರನ್ ಒಬ್ಬರು. ಅವರು ಪದವಿ ಓದಿದ್ದು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ. ಆ ಘಟನೆಯ ನಂತರ ಹೆಪಾರಿನ್‌ಗೆ ಎನ್‌ಎಂಆರ್ ಪರೀಕ್ಷೆ ಕಡ್ಡಾಯದ ಪಟ್ಟಿಗೆ ಸೇರಿತು.

2.04 ಮತ್ತು 2.15. ನಡುವಿನ ಅಂತರ ಎಷ್ಟು ಕಿರಿದು ನೋಡಿ. ಮಾಮೂಲು ನೀರಿನಲ್ಲಿ ಹಾಗೇ ಕರಗಿಸಿದ್ದರೆ ನೀರಿನ ಅಬ್ಬರದ ಮುಂದೆ ಈ ಸಣ್ಣ ದನಿಯನ್ನು ಹಿಡಿಯುವುದು ಬಹಳ ಕಷ್ಟ. ಭಾರಜಲದಲ್ಲಿ ಉಳಿಕೆಯ ಶಿಖರ ದೂರದಲ್ಲಿ, 4.8ರ ಹತ್ತಿರ ಇರುವುದರಿಂದ ಈ ಜಾಗ ಖಾಲಿಯಿತ್ತು, ಕಳ್ಳ ಕಣ್ಣಿಗೆ ಬಿದ್ದ. ಆದರೆ ಮೌನದ ದ್ರಾವಕ ಇದ್ದರಷ್ಟೇ ಸಾಲದು. ನೋಡುವವರಿಗೆ ಯಾವ ಶಿಖರ ದ್ರಾವಕದ್ದು, ಯಾವುದು ತೊಳೆದ ಅಸಿಟೋನಿನದು, ಯಾವುದು ನಿಜವಾದ ಬೆರಕೆ ಎಂದು ಗೊತ್ತಿರಬೇಕು. ಎಲ್ಲ ಸಣ್ಣ ಶಿಖರಗಳಿಗೂ ಬೊಬ್ಬೆ ಹಾಕುವವಳು ಕೆಲಸಕ್ಕೆ ಬರುವುದಿಲ್ಲ. "ಅದು ದ್ರಾವಕದ್ದು ಬಿಡಿ" ಎಂದು ಎಲ್ಲವನ್ನೂ ತಳ್ಳಿಹಾಕುವವಳು ಅಪಾಯ. ಈ ಎರಡರ ನಡುವೆ ನಿಂತು ಹೇಳುವ ಹಕ್ಕು ಬರಬೇಕಾದರೆ ಮೊದಲು ನಮ್ಮ ದ್ರಾವಕ ಏನು ಹೇಳುತ್ತದೆ ಎನ್ನುವುದನ್ನು ಪೂರ್ತಿ ತಿಳಿದಿರಬೇಕು. ಖಾಲಿ ದ್ರಾವಕವನ್ನು ಮೊದಲು ಒಮ್ಮೆ ಇಟ್ಟು ನೋಡು, ಆಮೇಲೆ ಔಷಧ ಇಡು ಎಂದು ನಾನು ಹೊಸಬರಿಗೆ ಹೇಳುವುದು ಇದಕ್ಕೇ.

ಕೊನೆಗೆ, ಈ ವಿದ್ಯೆ ಕಟ್ಟಿದ ಇಬ್ಬರ ಹೆಸರು ಹೇಳಿಬಿಡುತ್ತೇನೆ. ಮೊದಲನೆಯವರು ಎಸ್. ಎಸ್. ಧರ್ಮಟ್ಟಿ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಇದೇ ಹೆಸರಿನ ಊರಿದೆ, ಹಾಗಾಗಿ ಈ ಹೆಸರು ಕೇಳಿದರೇ ನಮಗೆ ಆಪ್ತ ಎನಿಸುತ್ತದೆ. 1951ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಆರ್ನಾಲ್ಡ್ ಮತ್ತು ಪ್ಯಾಕರ್ಡ್ ಜೊತೆ ಸೇರಿ ಅವರು ಆಲ್ಕೋಹಾಲಿನ ಜಲಜನಕಗಳು ಒಂದಲ್ಲ, ಮೂರು ಬೇರೆ ಬೇರೆ ಶಿಖರ ಕೊಡುತ್ತವೆ ಎಂದು ತೋರಿಸಿದರು. ನಾನು ಇವತ್ತು ಹೇಳಿದ "ಯಾರ ಪಕ್ಕ ಯಾರು ಕೂತಿದ್ದಾರೆ" ಎಂಬ ಓದಿನ ಮೊದಲ ಪಾಠಗಳಲ್ಲಿ ಅದೂ ಒಂದು. ಆಮೇಲೆ ಅವರು ಮುಂಬಯಿಗೆ ಬಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1950ರ ದಶಕದಲ್ಲೇ ಎನ್‌ಎಂಆರ್ ಗುಂಪನ್ನು ಕಟ್ಟಿದರು. ಕೊಲಾಬಾದ ಆ ಕಟ್ಟಡದಲ್ಲಿ ಇವತ್ತು ದೇಶದ ದೊಡ್ಡ ಎನ್‌ಎಂಆರ್ ಕೇಂದ್ರವೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಎನ್‌ಎಂಆರ್‌ಗೆಂದೇ ಒಂದು ಸಂಶೋಧನಾ ಕೇಂದ್ರ ಇದೆ.

ಎರಡನೆಯವರು ಮಿಲ್ಡ್ರೆಡ್ ಕಾನ್, ಅಮೆರಿಕದ ಮಹಿಳೆ, 1913ರಲ್ಲಿ ಹುಟ್ಟಿದವರು. ಡ್ಯುಟೀರಿಯಂ ಕಂಡುಹಿಡಿದ ಯೂರಿಯವರ ಶಿಷ್ಯೆಯಾಗಿ ಪಿಎಚ್‌.ಡಿ. ಮಾಡಿದರು. ಅದಕ್ಕೆ ಮುಂಚೆ ಕೆಲಸ ಮಾಡಿದ ಸರ್ಕಾರಿ ಪ್ರಯೋಗಾಲಯದಲ್ಲಿ ಗಂಡಸರ ನಡುವೆ ಒಬ್ಬರೇ ಹೆಂಗಸು, ಬಡ್ತಿ ಸಿಗುವುದಿಲ್ಲ ಎಂದು ಹೇಳಿಸಿಕೊಂಡರು. ಮೂರು ಮಕ್ಕಳನ್ನು ಬೆಳೆಸುತ್ತಾ ಎಷ್ಟೋ ವರ್ಷ ಬೇರೆಯವರ ಪ್ರಯೋಗಾಲಯಗಳಲ್ಲಿ ಸಹಾಯಕ ಸಂಶೋಧಕಿಯಾಗಿ ದುಡಿದರು. ನಮ್ಮ ಜೀವಕೋಶಗಳಿಗೆ ಶಕ್ತಿ ಕೊಡುವ ಎಟಿಪಿ ಎಂಬ ಅಣುವಿನ ಮೂರು ರಂಜಕ ಪರಮಾಣುಗಳನ್ನು ಎನ್‌ಎಂಆರ್‌ನಲ್ಲಿ ಮೂರು ಬೇರೆ ಶಿಖರಗಳಾಗಿ ತೋರಿಸಿದ್ದು ಅವರು. ಕೊನೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಅವರ ಕೊರಳಿಗೆ ಬಂತು. ಮಕ್ಕಳು ಮನೆ ಎಂದು ನಡುವೆ ಬಿಟ್ಟ ಕೆಲಸಕ್ಕೆ ಮತ್ತೆ ಹೋಗಬಹುದೇ ಎಂದು ಈ ಕೂಟದಲ್ಲೇ ಎಷ್ಟೋ ಜನ ನನ್ನನ್ನು ಕೇಳಿದ್ದೀರಿ. ಇವರ ಹೆಸರು ನೆನಪಿಟ್ಟುಕೊಳ್ಳಿ.

ಹಿಂದೆ ಕೂತಿರುವ ಹುಡುಗಿಯರೇ, ರಸಾಯನಶಾಸ್ತ್ರ ಎಂದರೆ ಹೊಗೆ, ವಾಸನೆ, ಹುಡುಗಿಯರಿಗಲ್ಲ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಈ ಕೆಲಸಕ್ಕೆ ಬೇಕಾದ್ದು ತೋಳ್ಬಲ ಅಲ್ಲ. ಒಂದು ಹನಿಯನ್ನು ವ್ಯರ್ಥ ಮಾಡದ ಕೈ, ತೇವ ತಾಗದಂತೆ ಮುಚ್ಚಳ ಹಾಕುವ ಅಭ್ಯಾಸ, 2.04 ಮತ್ತು 2.15ರ ನಡುವೆ ವ್ಯತ್ಯಾಸ ಕಾಣುವ ಕಣ್ಣು. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಸುಮಾರಿಗೆ ನಮ್ಮ ಊರಿನ ಕೆಲವು ಸಂಶೋಧನಾ ಸಂಸ್ಥೆಗಳು ವಿದ್ಯಾರ್ಥಿಗಳನ್ನು ಒಳಗೆ ಬಿಡುತ್ತವೆ. ವಿಚಾರಿಸಿಕೊಂಡು ಹೋಗಿ. ಒಂದು ನಳಿಕೆ ಆಯಸ್ಕಾಂತದೊಳಗೆ ಇಳಿಯುವುದನ್ನು, ಪರದೆಯ ಮೇಲೆ ಗೆರೆ ಏಳುವುದನ್ನು ನೋಡಿ. ಪಕ್ಕದಲ್ಲಿ ನಿಂತವರನ್ನು ಸಂಕೋಚವಿಲ್ಲದೆ ಕೇಳಿ: "ಮೇಡಂ, ಇದು ಯಾವ ದ್ರಾವಕ? ಇದರಲ್ಲಿ ಯಾವ ಶಿಖರ ದ್ರಾವಕದ್ದು?" ಆ ಪ್ರಶ್ನೆ ಕೇಳಿದವಳನ್ನು ಅವರು ಸುಮ್ಮನೆ ಕಳಿಸುವುದಿಲ್ಲ, ಕೂರಿಸಿ ಹೇಳಿಕೊಡುತ್ತಾರೆ.

 ಪ್ರಶ್ನೆಗಳಿದ್ದರೆ ಚಹಾದ ಹೊತ್ತಿಗೆ ಮಾತಾಡೋಣ.